ಸೀಮೆಸುಣ್ಣದ ಸುತ್ತು

ನಮ್ಮ ಮನೆಯಲ್ಲಿ ಪೆಟ್ಟಿಗೆಯ ಕೆಲಸ ಮಾಡಿದವನೇ ಅದನ್ನು ಪಾಸು ಮಾಡುವಂತಿಲ್ಲ. ಇದು ಅಪ್ಪನ ಕಾಲದಿಂದ ಬಂದ ಕಟ್ಟಳೆ. "ತನ್ನ ಬೆರಳು ತನಗೇ ಲಂಚ ಕೊಡುತ್ತೆ ಕಣೋ" ಎನ್ನುತ್ತಿದ್ದ ಅಪ್ಪ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಹಾಗೆ, ತಾನು ಕೊರೆದ ಎಲೆ, ತಾನು ಕೂರಿಸಿದ ಹೂವು ತನ್ನ ಕೈಗೆ ಯಾವತ್ತೂ ನುಣ್ಣಗೇ ಇರುತ್ತದೆ. ಅದಕ್ಕೇ ಹೆರೆದು ಮುಗಿಸಿದ ಮೇಲೆ, ಪಾಲಿಶ್ ಹಚ್ಚುವ ಮುಂಚೆ, ಮನೆಯ ಇನ್ನೊಬ್ಬರು ಕಣ್ಣು ಮುಚ್ಚಿ ಅದರ ಮೇಲೆ ಕೈಯಾಡಿಸಬೇಕು. ಅಪ್ಪನ ಕೆಲಸಕ್ಕೆ ಅಮ್ಮ ಕೈಯಾಡಿಸುತ್ತಿದ್ದಳು. ನನ್ನ ಕೆಲಸಕ್ಕೆ ನನ್ನ ಹೆಂಡತಿ.

ನಾನು ಮಾಡುವುದು ಹಳೆಯ ಬರೆಯುವ ಪೆಟ್ಟಿಗೆಗಳ ರಿಪೇರಿ. ಮುಚ್ಚಿದರೆ ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕ ಪೆಟ್ಟಿಗೆ. ಬಿಚ್ಚಿದರೆ ಬರೆಯಲು ಇಳಿಜಾರಾದ ಹಲಗೆ, ಅದರ ಮೇಲೆ ಬಟ್ಟೆಯ ಹೊದಿಕೆ, ತಲೆಗಡೆ ಮಸಿ ಕುಡಿಕೆಗೆ ಗೂಡು, ಲೇಖನಿಗೆ ಉದ್ದನೆಯ ಹಳ್ಳ. ಮುಚ್ಚಳದ ಮೇಲೆ ಕಪ್ಪು ಮರದೊಳಗೆ ಹಳದಿ ಮರದ ಬಳ್ಳಿ, ಚಿಪ್ಪಿನ ಹೂವು, ಅಂಚಿಗೆ ಹಿತ್ತಾಳೆಯ ಎಳೆ. ಎಲ್ಲವೂ ಕೊರೆದು ಕೂರಿಸಿದ್ದು, ಬಣ್ಣ ಬಳಿದದ್ದಲ್ಲ. ಪೆಟ್ಟಿಗೆ ತಂದವರೆಲ್ಲ ಮೊದಲು ವಿಚಾರಿಸುವುದು ಕಳ್ಳಖಾನೆಯನ್ನು. ಹೆಚ್ಚಿನವಕ್ಕೆ ಇರುತ್ತದೆ. ಅದರೊಳಗೆ ನನಗೆ ಇಲ್ಲಿಯವರೆಗೆ ಸಿಕ್ಕ ನಿಧಿಯೆಂದರೆ ಒಣಗಿದ ಜಿರಳೆ, ಮುರಿದ ನಿಬ್ಬು.

ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಅಮ್ಮ ತನ್ನ ತಲೆಯಿಂದ ಒಂದು ಕೂದಲು ಕಿತ್ತು, ಅದನ್ನು ಮೇಜಿನ ಮೇಲಿಟ್ಟು, ಮೇಲೊಂದು ಕಾಗದ ಮುಚ್ಚಿ, "ಎಲ್ಲಿದೆ ಹೇಳು" ಎಂದಳು. ಇವಳು ಕಣ್ಣು ಮುಚ್ಚಿ ನಡುಬೆರಳ ತುದಿಯನ್ನು ಕಾಗದದ ಮೇಲೆ ಒಮ್ಮೆ ಆಡಿಸಿ "ಇಲ್ಲಿ" ಎಂದಳು. ಅಮ್ಮ ಇನ್ನೊಂದು ಕಾಗದ ಹೇರಿದಳು. ಮತ್ತೆ "ಇಲ್ಲಿ". ಅಮ್ಮ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಸೀಮೆಸುಣ್ಣದ ಚೂರನ್ನು ತೆಗೆದು ಸೊಸೆಯ ಕೈಗಿಟ್ಟು, "ಇನ್ನು ಇವನ ಕಾಟ ನಿನಗೇ ಇರಲಿ ತಾಯಿ" ಎಂದಳು. ಬೇರೆ ಮನೆಗಳಲ್ಲಿ ಅತ್ತೆಯಂದಿರು ಸೊಸೆಗೆ ಬೀಗದಕೈ ಗೊಂಚಲು ಕೊಡುತ್ತಾರಂತೆ. ನಮ್ಮಲ್ಲಿ ಬೀಗ ಹಾಕಿಡುವಂಥದ್ದು ಏನೂ ಇರಲಿಲ್ಲ.

ಅಂದಿನಿಂದ ಅವಳ ಬೆರಳು ನಿಂತಲ್ಲೆಲ್ಲ ಒಂದು ಬಿಳಿ ಸುತ್ತು, ಒಂದು "ಇಲ್ಲಿ". ಬೈಗುಳವಿಲ್ಲ, ವಿವರಣೆಯಿಲ್ಲ. ನನ್ನ ಮೈ ಉರಿಯುತ್ತಿದ್ದುದೇ ಅದಕ್ಕೆ.

"ಏನಿದೆ ಅಲ್ಲಿ? ನನಗೇನೂ ಸಿಗ್ತಿಲ್ಲ."

"ನಿಮಗೆ ಹೇಗೆ ಸಿಗುತ್ತೆ ರೀ? ಮಾಡಿದ್ದು ನೀವೇ ಅಲ್ವಾ?"

ಈ ಜಗಳ ದಿನಾ ಬೇಡವೆಂದು ಒಂದು ಪಂದ್ಯ ಮಾಡಿಕೊಂಡೆವು. ಹೆರೆಯುವ ಉಕ್ಕಿನ ತಗಡನ್ನು ಸುತ್ತಿನ ಮೇಲೆ ಹಗುರಾಗಿ ಎಳೆಯಬೇಕು. ಉಬ್ಬು ಇದ್ದರೆ ತಗಡು ಅಲ್ಲಿ ಮಾತ್ರ ಕಚ್ಚುತ್ತದೆ, ಸರ್ ಎಂದು ಸದ್ದು ಬರುತ್ತದೆ, ಪುಡಿ ಏಳುತ್ತದೆ. ಆಗ ಟೀ ನಾನು ಮಾಡಬೇಕು. ಕಚ್ಚದೆ ಜಾರಿದರೆ ಅವಳು. ನಾನು ಗೆದ್ದ ದಿನಗಳು ಕಡಿಮೆ. ಸೋತಾಗಲೆಲ್ಲ ನನ್ನ ಬಾಯಲ್ಲಿ ಒಂದು ನೆಪ ಸಿದ್ಧವಿರುತ್ತಿತ್ತು: ಇವತ್ತು ಮೋಡ, ಮರ ಉಬ್ಬಿದೆ, ಇವತ್ತು ಬಿಸಿಲು, ಅಂಟು ಎಳೆದಿದೆ. ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರ ಜಾತಿ ನನ್ನದು. ಅವಳು ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಕಾಲು ಆಡಿಸುತ್ತ, ನಾನು ಮಾಡಿದ ಟೀಯನ್ನು ಪೂರ್ತಿ ಕುಡಿದು, "ಇದಕ್ಕಿಂತ ನಾನು ಸೋಲೋದೇ ವಾಸಿ" ಎನ್ನುತ್ತಿದ್ದಳು.

ಸವೆದ ಸೀಮೆಸುಣ್ಣದ ಚೂರುಗಳನ್ನು ಅವಳು ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಅವನ್ನು ನಾನು ಕುಟ್ಟಿ ಪುಡಿ ಮಾಡುತ್ತಿದ್ದೆ. ಪಾಲಿಶ್ ಹಚ್ಚುವ ಮುಂಚೆ ಮರದ ಸಣ್ಣ ಸಣ್ಣ ಕಣ್ಣುಗಳನ್ನು ತುಂಬಲು ಆ ಪುಡಿ ಬೇಕು. ನಮ್ಮ ಮನೆಯಲ್ಲಿ ಯಾವುದೂ ದಂಡವಾಗುತ್ತಿರಲಿಲ್ಲ.

ವಕೀಲಮ್ಮನ ಪೆಟ್ಟಿಗೆ ಬಂದಾಗ ಅದರ ಮುಚ್ಚಳದ ಬಳ್ಳಿಯಲ್ಲಿ ಎಲೆಗಳು ಉದುರಿದ್ದವು. ಅದು ಆಕೆಯ ತಾತ ಬಳಸಿದ್ದು, ಆಮೇಲೆ ಆಕೆಯೇ ವೃತ್ತಿಯುದ್ದಕ್ಕೂ ಮೇಜಿನ ಮೇಲಿಟ್ಟುಕೊಂಡದ್ದು. ವಯಸ್ಸಿಗೆ ಮುಚ್ಚಳ ಸ್ವಲ್ಪ ಬಾಗಿತ್ತು, ಹಾಗಾಗಿ ಅಡ್ಡಪಟ್ಟಿ ಇಟ್ಟು ಮಟ್ಟ ನೋಡುವ ಹಾಗಿರಲಿಲ್ಲ. ಬೆರಳೇ ಗತಿ. ಹೋದ ಎಲೆಗಳನ್ನು ಹಳದಿ ಮರದಲ್ಲಿ ಕೊರೆದೆ, ಕೂರಿಸಿದೆ, ಹೆರೆದೆ. ಒಂದು ಸಂಜೆ ಹೆಂಡತಿಯನ್ನು ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು, ಕಣ್ಣು ಮುಚ್ಚಿ, ಇಡೀ ಮುಚ್ಚಳದ ಮೇಲೆ ಬೆರಳಾಡಿಸಿ, ಬೀಗದ ಹತ್ತಿರದ ಒಂದೇ ಒಂದು ಎಲೆಯ ತುದಿಯಲ್ಲಿ ನಿಂತಳು.

"ಇಲ್ಲಿ."

"ಒಂದೇನಾ?" ನನಗೆ ಹೆಮ್ಮೆ.

"ಒಂದೇ." ಸುತ್ತು ಎಳೆದಳು.

"ಅದೂ ಇಲ್ಲ ಬಿಡು. ನಿನ್ನ ಬೆರಳಿಗೆ ವಯಸ್ಸಾಯ್ತು."

"ಬೆರಳಿಗಲ್ಲ ರೀ, ನಿಮ್ಮ ಗರಗಸಕ್ಕೆ."

"ತಾ ಹಾಗಾದ್ರೆ ತಗಡು. ಈಗಲೇ ನೋಡಿಬಿಡೋಣ."

"ಬೆಳಕು ಹೋಯ್ತು. ನಾಳೆ ನೋಡಿ. ನಾಳೆ ಬೆಳಗಿನ ಟೀ ನಿಮ್ಮದೇ, ಬರೆದಿಟ್ಕೊಳ್ಳಿ. ಸಕ್ಕರೆ ಸುರೀಬೇಡಿ."

ಮಾರನೆಯ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಅವಳು ಬಟ್ಟೆ ಒಣಗಿಹಾಕಲು ಹಿತ್ತಲಿಗೆ ಹೋದಳು. ಹಗ್ಗದ ಕೆಳಗೆ ಸುಮ್ಮನೆ ಕೂತಳು. ಬಗ್ಗಿ ಏನೋ ಹುಡುಕುತ್ತಿದ್ದಾಳೆ ಎಂದುಕೊಂಡೆ. ಎದೆ ನಿಂತುಹೋಗಿತ್ತು, ಎಂದರು ಆಮೇಲೆ ಆಸ್ಪತ್ರೆಯಲ್ಲಿ. ಸಂಜೆ ಎಲ್ಲ ಮುಗಿಸಿ ಮನೆಗೆ ಬಂದಾಗ ಬಕೆಟ್ಟಿನಲ್ಲಿ ಅರ್ಧ ಬಟ್ಟೆ ಹಿಂಡಿದ ಹಾಗೇ ಇತ್ತು. ಅದನ್ನು ನಾನೇ ಒಣಗಿಹಾಕಿದೆ. ನೋಡಿದವರು ಏನಂದುಕೊಂಡರೋ.

ನನಗೆ ಅಳು ಬರಲಿಲ್ಲ. ತಡೆದುಕೊಂಡೆ ಎಂದಲ್ಲ, ಬರಲೇ ಇಲ್ಲ. "ಅತ್ತುಬಿಡಿ, ಹಗುರ ಆಗುತ್ತೆ" ಎಂದು ಬಂದವರೆಲ್ಲ ಹೇಳಿದರು. ಅಳು ಏನು ನಲ್ಲಿಯ ನೀರೇ, ತಿರುಗಿಸಿದ ಕೂಡಲೇ ಬರಲು? ಒಬ್ಬರಂತೂ ನನ್ನ ಬೆನ್ನು ಸವರುತ್ತ ತಾವೇ ಅತ್ತು, ಸಮಾಧಾನ ಮಾಡಿಕೊಂಡು, ಹಗುರಾಗಿ ಮನೆಗೆ ಹೋದರು. ನಾನು ಊಟ ಮಾಡಿದೆ, ನಿದ್ದೆ ಮಾಡಿದೆ, ಕೆಲಸಕ್ಕೆ ಕೂತೆ. ಒಳಗೆ ಏನೂ ಇರಲಿಲ್ಲ. ಆ ದಿನಗಳನ್ನು ಹೇಗೆ ಕಳೆದೆ ಎಂದು ಕೇಳಿದರೆ ಹೇಳಲು ಒಂದು ಮಾತೂ ಇಲ್ಲ. ಕಳೆದವು ಅಷ್ಟೆ.

ಬೆರಳಿನ ವಿಷಯ ಗೊತ್ತಾಗಿದ್ದು ಮಗಳಿಂದ. ಮಗಳು ಗಂಡನ ಜೊತೆ ಊರಿನ ಇನ್ನೊಂದು ತುದಿಯಲ್ಲಿರುತ್ತಾಳೆ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ರಜೆ ಸಿಕ್ಕ ದಿನ ಡಬ್ಬಿಯಲ್ಲಿ ಊಟ ಹಿಡಿದುಕೊಂಡು ಬರುತ್ತಾಳೆ. ಒಮ್ಮೆ ಅವಳು ಬಂದಾಗ ನಾನು ಒಲೆಯ ಮೇಲಿಂದ ಅಂಟಿನ ಪಾತ್ರೆ ಇಳಿಸಿಕೊಂಡು ಬರುತ್ತಿದ್ದೆ.

"ಅಪ್ಪಾ! ಬಟ್ಟೆ ಹಿಡ್ಕೊಳ್ಳಲ್ವಾ? ಅದು ಕುದೀತಿದೆ!"

ನೋಡಿದರೆ ನಿಜವಾಗಿಯೂ ಕುದಿಯುತ್ತಿತ್ತು. ಬೆರಳ ತುದಿಗಳು ಕೆಂಪಗಾಗಿ ಬೊಬ್ಬೆ ಎದ್ದವು. ನನಗೆ ಗೊತ್ತೇ ಆಗಿರಲಿಲ್ಲ. ಕೈಗವಸು ಹಾಕಿಕೊಂಡೇ ಹುಟ್ಟಿದವನ ಹಾಗೆ ಆಗಿತ್ತು ನನ್ನ ಕೈ. ಮಗಳು ಹಿಡಿದೆಳೆದುಕೊಂಡು ಡಾಕ್ಟರ ಹತ್ತಿರ ಹೋದಳು. ಅವರು ಸೂಜಿ ಚುಚ್ಚಿದರು, ಸುತ್ತಿಗೆಯಲ್ಲಿ ಬಡಿದರು, ತಂತಿ ಅಂಟಿಸಿ ನೋಡಿದರು. ಎಲ್ಲ ಸರಿಯಾಗಿದೆ, ಕಾಲಕ್ರಮೇಣ ಬರುತ್ತದೆ ಎಂದರು. ಅದನ್ನು ಕೇಳಿಯೂ ನನಗೆ ಸಮಾಧಾನವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಈ ಕಸುಬಿನಲ್ಲಿ ಬೆರಳು ಹೋದರೆ ಉಳಿಯುವುದು ಏನು ಎಂದು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ವಕೀಲಮ್ಮನ ಪೆಟ್ಟಿಗೆಯ ಉಳಿದ ಕೆಲಸವೆಲ್ಲ ಮುಗಿಸಿದೆ. ಹಲಗೆಗೆ ಹೊಸ ಬಟ್ಟೆ ಹೊದಿಸಿದೆ. ಕೀಲು ಬಿಚ್ಚಿ ತೊಳೆದು ಎಣ್ಣೆ ಬಿಟ್ಟೆ. ಬೀಗ ತಿರುಗುವಂತೆ ಮಾಡಿದೆ. ಕಳ್ಳಖಾನೆಯ ಜಿರಳೆಯನ್ನು ಗೌರವದಿಂದ ಹೊರಗೆ ಕಳಿಸಿದೆ. ಇದಕ್ಕೆಲ್ಲ ಕಣ್ಣು ಸಾಕು, ಬೆರಳು ಬೇಕಿಲ್ಲ. ಮುಚ್ಚಳ ಮಾತ್ರ ಹಾಗೇ ಉಳಿಯಿತು. ಅದರ ಮೇಲೆ ಸೀಮೆಸುಣ್ಣದ ಸುತ್ತು ಹಾಗೇ ಇತ್ತು, ಪೂರ್ತಿ ಸೇರದ ಸುತ್ತು. ಯಾವತ್ತೂ ಅಷ್ಟೆ, ಅವಳು ಸುತ್ತನ್ನು ಮುಗಿಸುವ ಮುಂಚೆಯೇ ಕೈ ಎತ್ತಿಬಿಡುತ್ತಿದ್ದಳು. ಧೂಳು ಬೀಳದಿರಲೆಂದು ಮುಚ್ಚಳದ ಮೇಲೊಂದು ಬಟ್ಟೆ ಹಾಸಿದೆ. ಬಟ್ಟೆ ತಾಗಿದರೂ ಅಳಿಸೀತು ಎಂದು ನಾಲ್ಕು ಮೂಲೆಗೂ ಮರದ ತುಂಡು ಇಟ್ಟು, ಅದರ ಮೇಲೆ ಹಾಸಿದೆ.

ತಗಡು ಒಂದು ಸಲ ಎಳೆದರೆ ಸಾಕಿತ್ತು. ಎಳೆದರೆ ಸುತ್ತು ಹೋಗುತ್ತದೆ. ಅವಳ ಸೀರೆಗಳಿವೆ, ಚಪ್ಪಲಿ ಇದೆ, ಬಾಚಣಿಗೆಯಲ್ಲಿ ಕೂದಲೂ ಇದೆ. ಅವೆಲ್ಲ ಅವಳು ಬಳಸಿದ ಸಾಮಾನು. ಇದು ಅವಳು ನನಗೆ ಹೇಳಿದ ಮಾತು. ಇನ್ನೂ ನಾನು ಉತ್ತರ ಕೊಡದ ಮಾತು.

ವಕೀಲಮ್ಮ ಒಂದು ಮಧ್ಯಾಹ್ನ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟದ್ದೇ ಮಾತು ಶುರು. ಕೋರ್ಟಿನಲ್ಲಿ ಇಡೀ ಜೀವನ ಬೇರೆಯವರ ಬಾಯಿ ಮುಚ್ಚಿಸಿದವರು.

"ಪೆಟ್ಟಿಗೆಯೋರೇ, ನಿಮ್ಮ ಮನೆಯ ವಿಷಯ ಕೇಳ್ದೆ. ತುಂಬಾ ಬೇಜಾರಾಯ್ತು. ಅದಕ್ಕೇ ಇಷ್ಟು ದಿನ ನಾನು ಬರಲಿಲ್ಲ."

"ಸರಿ ಅಮ್ಮಾ."

"ಈ ತಿಂಗಳ ಕೊನೆಗೆ ನಾನು ಕೆಲಸ ಬಿಡ್ತಿದ್ದೀನಿ. ನನ್ನ ಕೈಕೆಳಗೆ ಕಲಿತ ಹುಡುಗಿ ಒಬ್ಬಳಿದ್ದಾಳೆ, ಈ ಪೆಟ್ಟಿಗೆ ಅವಳಿಗೆ ಕೊಡ್ಬೇಕು ಅಂತ. ಕೊಟ್ಟು ಕೋರ್ಟಿನ ಮೆಟ್ಟಿಲು ಇಳಿಯೋದು. ಮುಗೀತಾ ನೋಡೋಣ ಅಂತ ಬಂದೆ."

ನಾನು ಬಟ್ಟೆ ತೆಗೆದು ತೋರಿಸಿದೆ. ಆಕೆಯ ಮುಖ ಅರಳಿತು. ಕನ್ನಡಕ ಏರಿಸಿಕೊಂಡು ಎಲೆ ಎಲೆಯನ್ನೂ ನೋಡಿದರು. ಹೊಸದು ಯಾವುದು ಹಳೆಯದು ಯಾವುದು ತಿಳಿಯುವುದೇ ಇಲ್ಲ ಎಂದರು. ಆಮೇಲೆ ಬೀಗದ ಹತ್ತಿರ ಬಂದು, "ಇದೇನು, ಸುಣ್ಣ ಹತ್ತಿದೆಯಲ್ಲ" ಎನ್ನುತ್ತ ಹೆಬ್ಬೆರಳು ಚಾಚಿದರು.

ನಾನು ಆಕೆಯ ಮಣಿಕಟ್ಟು ಹಿಡಿದುಬಿಟ್ಟೆ. "ಮುಟ್ಟಬೇಡಿ!" ಎಂದು ನಾನು ಕಿರುಚಿದ್ದು ಬೀದಿಗೂ ಕೇಳಿಸಿರಬೇಕು.

ಆಕೆಯ ಕೈ ನನ್ನ ಕೈಯಲ್ಲಿತ್ತು, ಅದು ತಣ್ಣಗಿತ್ತೋ ಬೆಚ್ಚಗಿತ್ತೋ ನನಗೆ ತಿಳಿಯಲಿಲ್ಲ. ಬಿಟ್ಟೆ. "ಕೆಲಸದ ಗುರುತು. ಇನ್ನೂ ಬಾಕಿ ಇದೆ" ಎಂದೆ. ವಕೀಲಮ್ಮ ನನ್ನನ್ನೊಮ್ಮೆ, ಸುತ್ತನ್ನೊಮ್ಮೆ ನೋಡಿದರು. ಸಾಕ್ಷಿಯನ್ನು ಇನ್ನು ಕೆದಕಬಾರದು ಎಂದು ತಿಳಿಯದ ವಕೀಲರೇ? "ಭಾನುವಾರದ ಮೇಲೆ ಬರ್ತೀನಿ. ಆಗ ಕೊಟ್ಟುಬಿಡಿ, ಆಯ್ತಾ?" ಎಂದು ಮೆಲ್ಲಗೆ ಹೇಳಿ ಹೋದರು.

ಆಕೆ ಹೋದ ಮೇಲೆ ನನಗೊಂದು ಉಪಾಯ ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸುತ್ತನ್ನು ಅಳಿಸುವುದೇ ಬೇಡ, ಅದರ ಮೇಲೆಯೇ ಪಾಲಿಶ್ ಹಚ್ಚಿಬಿಟ್ಟರೆ? ಅರಗಿನ ಪದರದ ಕೆಳಗೆ ಗಾಜಿನೊಳಗಿನ ಚಿತ್ರದ ಹಾಗೆ ಭದ್ರವಾಗಿ ಉಳಿಯುತ್ತದೆ. ಯಾರು ಉಜ್ಜಿದರೂ ಹೋಗುವುದಿಲ್ಲ. ವಕೀಲಮ್ಮ ಕೇಳಿದರೆ ನಮ್ಮ ಮನೆಯ ಮುದ್ರೆ ಎನ್ನುವುದು. ಆಕೆಯ ಹುಡುಗಿ, ಆ ಹುಡುಗಿಯ ಹುಡುಗಿ, ಹೀಗೆ ಪೆಟ್ಟಿಗೆ ಇರುವಷ್ಟು ಕಾಲ ಅದೂ ಇರುತ್ತದೆ. ಬಹಳ ದಿನಗಳ ಮೇಲೆ ನನಗೆ ಒಂದು ಕೆಲಸ ಮಾಡಬೇಕೆನಿಸಿತು.

ಅರಗಿನ ಪಾಲಿಶನ್ನು ಬಟ್ಟೆಯ ಉಂಡೆಯಿಂದ ತಿಕ್ಕಿ ತಿಕ್ಕಿ ಹಚ್ಚುವುದು ಕ್ರಮ. ತಿಕ್ಕಿದರೆ ಸುಣ್ಣ ಕೆದರುತ್ತದೆ. ಹಾಗಾಗಿ ಇದ್ದುದರಲ್ಲೇ ಮೆತ್ತಗಿನ ಕುಂಚ ಆರಿಸಿದೆ. ಸುತ್ತಿನ ಮೇಲೆ ಉಸಿರು ಬಿಗಿಹಿಡಿದು, ಕುಂಚ ತಾಗಿತೋ ಇಲ್ಲವೋ ಎಂಬಂತೆ ಅರಗನ್ನು ಹನಿಹನಿಯಾಗಿ ಇಳಿಸಿದೆ. ಸುತ್ತು ಕದಲಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟು ಚೊಕ್ಕ ಕೆಲಸ. ಒದ್ದೆಯಾದಾಗ ಸ್ವಲ್ಪ ಮಂಕಾಗಿ ಕಂಡಿತು, ಒಣಗಿದರೆ ಸರಿಹೋಗುತ್ತದೆ ಎಂದುಕೊಂಡು ಉಳಿದ ಮುಚ್ಚಳಕ್ಕೂ ಹಚ್ಚಿದೆ. ಒಳಗೆ ಹೋಗಿ ಊಟ ಮಾಡಿ ಬಂದೆ.

ಸುತ್ತು ಇರಲಿಲ್ಲ.

ಮುಚ್ಚಳವನ್ನು ಕಿಟಕಿಗೆ ಹಿಡಿದೆ. ಓರೆ ಮಾಡಿದೆ. ಕಪ್ಪು ಮರ ಬಾವಿಯ ನೀರಿನ ಹಾಗೆ ಹೊಳೆಯುತ್ತಿತ್ತು, ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಎಲೆಯ ತುದಿಯ ಸುತ್ತ ಬರೀ ಕಪ್ಪು.

ಸೀಮೆಸುಣ್ಣದ ಪುಡಿಯ ಮೇಲೆ ಅರಗು ಬಿದ್ದರೆ ಬಿಳಿಪು ಕಾಣುವುದಿಲ್ಲ. ಅದು ನನಗೆ ಗೊತ್ತಿಲ್ಲದ ಸಂಗತಿಯೇ? ಅದು ಹಾಗೆ ಮಾಯವಾಗುತ್ತದೆ ಎಂದೇ ಅಲ್ಲವೇ ಇಷ್ಟು ವರ್ಷ ಅವಳ ಚೂರುಗಳನ್ನು ಕುಟ್ಟಿ, ಮರದ ಕಣ್ಣುಗಳಿಗೆ ತುಂಬಿ, ಮೇಲೆ ಅರಗು ಹಚ್ಚಿದ್ದು? ಹೊಸದಾಗಿ ಕೆಲಸ ಕಲಿಯಲು ಬಂದವರಿಗೂ ಮೊದಲ ವಾರವೇ ಹೇಳಿಕೊಡುವ ಪಾಠ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನನ್ನ ಮನೆಯಲ್ಲಿ ಕುಂಬಾರನೇ ದೊಣ್ಣೆ ಹಿಡಿದು ನಿಂತಿದ್ದ.

ಬೆರಳಿಟ್ಟು ನೋಡಿದೆ. ಅರಗಿನ ಕೆಳಗೆ ಸುಣ್ಣದ ಕಣ ಇದ್ದರೆ ಬೆರಳಿಗೆ ಸಿಗಬೇಕು. ನನ್ನ ಬೆರಳಿಗೆ ಏನೂ ಸಿಗಲಿಲ್ಲ. ಎಲೆ ಎಲ್ಲಿದೆ ಎಂಬುದೂ ಸಿಗಲಿಲ್ಲ. ಆಗಲಾದರೂ ಅಳು ಬರಬೇಕಿತ್ತು. ಮುಚ್ಚಳವನ್ನು ಮೇಜಿನ ಮೇಲಿಟ್ಟು, ಕುಂಚ ತೊಳೆದು, ಒಣಗಲು ಸಿಕ್ಕಿಸಿದೆ.

ಭಾನುವಾರ ಮಗಳು ಬಂದಳು. ಊಟದ ಡಬ್ಬಿ ಅಡುಗೆಮನೆಯಲ್ಲಿಟ್ಟು ನೇರ ಕೆಲಸದ ಕೋಣೆಗೆ ಬಂದು ಮೇಜಿನ ಮುಂದೆ ನಿಂತಳು.

"ಅಪ್ಪಾ, ಅಮ್ಮನ ಸುತ್ತು ಎಲ್ಲಿ?"

ಅವಳಿಗೆ ಅದು ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಪ್ರತಿ ಸಲ ಬಂದಾಗಲೂ ನಾನು ಕೈ ತೊಳೆಯಲು ಹೋದಾಗ ಬಟ್ಟೆ ಎತ್ತಿ ನೋಡುತ್ತಿದ್ದಳಂತೆ. ನನ್ನ ಹಾಗೇ ಅವಳೂ ಮುಟ್ಟುತ್ತಿರಲಿಲ್ಲವಂತೆ.

"ಅಳಿಸಿಬಿಟ್ಯಾ?"

"ಇಲ್ಲ. ಇರಲಿ ಅಂತ ಮೇಲೆ ಪಾಲಿಶ್ ಹಚ್ಚಿದೆ."

ಅವಳು ನನ್ನ ಮುಖವನ್ನೇ ನೋಡಿದಳು. "ಸುಣ್ಣದ ಮೇಲೆ ಪಾಲಿಶ್ ಹಚ್ಚಿದ್ಯಾ? ಅಪ್ಪಾ, ಅದು ನನಗೇ ಗೊತ್ತಲ್ಲಪ್ಪ! ಚಿಕ್ಕವಳಿದ್ದಾಗ ನೀನೇ ತೋರಿಸ್ತಿದ್ದೆ, ಮ್ಯಾಜಿಕ್ ನೋಡು ಅಂತ."

"ಮರೆತುಹೋಯ್ತು" ಎಂದೆ. ಬೇರೆ ಏನು ಹೇಳಲಿ?

ಅವಳು ನಗಲು ಹೋಗಿ ಅತ್ತಳೋ, ಅಳಲು ಹೋಗಿ ನಕ್ಕಳೋ. ಮೂಗು ಒರೆಸಿಕೊಂಡಳು. ಆಮೇಲೆ ತನ್ನ ಅಮ್ಮ ಕೂರುತ್ತಿದ್ದ ಮೋಟು ಸ್ಟೂಲನ್ನು ಕಾಲಿಂದ ಎಳೆದುಕೊಂಡು ಕೂತು, ಕಣ್ಣು ಮುಚ್ಚಿದಳು.

ಕೈಯಾಡಿಸಿ ನೋಡು ಎಂದು ನಾನು ಇಷ್ಟು ದಿನ ಅವಳನ್ನು ಕೇಳಿರಲಿಲ್ಲ. ಕೇಳಿದ್ದರೆ ಆ ಸ್ಟೂಲು ಖಾಲಿಯಿದೆ ಎಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ಚಿಕ್ಕವಳಿದ್ದಾಗ ಅಮ್ಮನೂ ಮಗಳೂ ಕಾಗದದ ಕೆಳಗೆ ಕೂದಲಿಟ್ಟು ಆಟ ಆಡುತ್ತಿದ್ದರು. ದೊಡ್ಡವಳಾದ ಮೇಲೆ, ನನಗೆ ಈ ಮರದ ಧೂಳು ಬೇಡ ಎಂದು ಹೋದಳು. ಈಗ ಇಡೀ ದಿನ ಜನರ ತೋಳು ಸವರಿ, ಕಣ್ಣಿಗೆ ಕಾಣದ ರಕ್ತನಾಳವನ್ನು ಬೆರಳಲ್ಲಿ ಹುಡುಕಿ ಸೂಜಿ ಚುಚ್ಚುತ್ತಾಳೆ. ಅಜ್ಜಿಯ ಬೆರಳು, ಅಮ್ಮನ ಬೆರಳು ಎಲ್ಲ ಕೊನೆಗೆ ಆಸ್ಪತ್ರೆ ಸೇರಿತು ಎಂದು ನಾನು ಅಣಕಿಸುತ್ತಿದ್ದೆ.

ಅವಳ ನಡುಬೆರಳು ಮುಚ್ಚಳದ ಮೂಲೆಯಿಂದ ಹೊರಟಿತು. ಬಳ್ಳಿಯುದ್ದಕ್ಕೂ ನಿಧಾನವಾಗಿ ಹೋಯಿತು, ಹೂವು ದಾಟಿತು, ಎಲೆಗಳನ್ನು ದಾಟಿತು. ಬೀಗದ ಹತ್ತಿರ ಬಂದು ನಿಂತಿತು. ಹಿಂದೆ ಹೋಯಿತು. ಮತ್ತೆ ಬಂದು ಅಲ್ಲಿಯೇ ನಿಂತಿತು.

"ಇಲ್ಲಿ" ಎಂದಳು.

ದನಿ ಅವಳದೇ, ಅವಳ ಅಮ್ಮನದಲ್ಲ. ಆದರೂ ನಾನು ಮೇಜು ಹಿಡಿದುಕೊಂಡೆ.

"ಸುಣ್ಣವೋ, ಉಬ್ಬೋ?"

"ಎರಡೂ ಇರಬಹುದು. ಏನೋ ಇದೆ. ಮೇಲಿಂದ ಗೊತ್ತಾಗಲ್ಲ, ಒರೆಸಿ ನೋಡ್ಬೇಕು."

"ಒರೆಸಿದ್ರೆ ಹೋಗುತ್ತೆ."

"ಹೌದು."

ಅವಳು ಬೆರಳನ್ನು ಎಲೆಯ ಮೇಲಿಂದ ತೆಗೆಯಲಿಲ್ಲ.

"ಅವತ್ತು ಸಂಜೆ ಅಮ್ಮ ಏನಂದ್ಲು?"

ಹೇಳಿದೆ. ಒಂದೇ ಸುತ್ತು ಎಂದದ್ದು, ಬೆರಳಿಗೆ ವಯಸ್ಸಾಯಿತು ಎಂದು ನಾನು ಛೇಡಿಸಿದ್ದು, ಬೆಳಕು ಹೋಯಿತು ಎಂದದ್ದು, ಬೆಳಗಿನ ಟೀ, ಸಕ್ಕರೆ, ಎಲ್ಲ. ಇದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

"ಅಂದ್ರೆ ಪಂದ್ಯ ಇನ್ನೂ ತೀರ್ಮಾನ ಆಗಿಲ್ಲ."

"ಇಲ್ಲ."

"ಅಮ್ಮ ಗೆದ್ದಿದ್ದಾಳೋ ಇಲ್ವೋ ಅಂತ ನೋಡ್ದೇನೇ, ಇಷ್ಟು ತಿಂಗಳು ಅವಳ ಟೀ ಬಾಕಿ ಇಟ್ಕೊಂಡು ಕೂತಿದ್ದೀಯಾ?"

ಕಪಾಟಿನಿಂದ ಸ್ಪಿರಿಟ್ ಬಾಟಲಿ ತೆಗೆದೆ. ಹಳೆಯ ಮೆತ್ತನೆ ಬಟ್ಟೆಯ ತುಂಡೊಂದನ್ನು ಬೆರಳಿಗೆ ಸುತ್ತಿ ಅದ್ದಿದೆ. ಎಲೆಯ ತುದಿಯ ಮೇಲೆ ಇಟ್ಟೆ. ಅರಗು ಮೆತ್ತಗಾಗಿ ಬಿಡತೊಡಗಿತು. ಒರೆಸಿದೆ. ಇನ್ನೊಮ್ಮೆ ಒರೆಸಿದೆ. ಬಟ್ಟೆಗೆ ಕಂದು ಬಣ್ಣ ಹತ್ತಿತು, ಅದರ ನಡುವೆ ಗಮನಿಸಿದರೆ ಮಾತ್ರ ಕಾಣುವಷ್ಟು ಬೂದು ಬಿಳಿ. ಆ ಬಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಎಲೆಯ ಸುತ್ತ ಈಗ ಬರೀ ಮರ, ಮಾಸಲು ಮರ. ಸುತ್ತೂ ಇಲ್ಲ, ಸುತ್ತು ಇದ್ದ ಜಾಗವೂ ಇಲ್ಲ.

ಮಗಳು ಮತ್ತೆ ಕಣ್ಣು ಮುಚ್ಚಿ ಬೆರಳಿಟ್ಟಳು. ಹೌದೆಂದು ತಲೆಯಾಡಿಸಿದಳು.

ಹೆರೆಯುವ ತಗಡು ತೆಗೆದುಕೊಂಡೆ. ಅದನ್ನು ಎರಡೂ ಕೈಯ ಹೆಬ್ಬೆರಳಿನಿಂದ ಸ್ವಲ್ಪ ಬಾಗಿಸಿ, ಎಲೆಯ ಬುಡದಿಂದ ತುದಿಯ ಕಡೆ, ಭಾರ ಹಾಕದೆ ಎಳೆದೆ. ಬುಡದಲ್ಲಿ ಜಾರಿತು. ನಡುವೆ ಜಾರಿತು. ತುದಿಗೆ ಬಂದಾಗ ಕಚ್ಚಿತು.

ಸರ್ ಎಂದಿತು. ತಗಡಿನ ಅಂಚಿನಲ್ಲಿ ಒಂದು ಚಿಟಿಕೆಗೂ ಕಡಿಮೆ ಹಳದಿ ಪುಡಿ.

ಇನ್ನೊ‍ಮ್ಮೆ ಎಳೆದೆ. ಜಾರಿತು. ಎಲೆ ಸಮವಾಗಿತ್ತು.

ಮೋಡದ ದಿನ, ಮರ ಉಬ್ಬಿತ್ತು ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೊರಗೆ ಮೋಡ ಇರಲಿಲ್ಲ, ಬಿಸಿಲೂ ಅಷ್ಟಿರಲಿಲ್ಲ. ಮರದ ಮೇಲೆ ಹಾಕಲು ಯಾವ ನೆಪವೂ ಇರಲಿಲ್ಲ. ನನ್ನ ಹೆಂಡತಿ ಸರಿಯಾಗಿಯೇ ಹೇಳಿದ್ದಳು. ಅವತ್ತು ಸಂಜೆಯೂ ಅವಳ ಬೆರಳು ಸರಿಯಾಗಿತ್ತು.

"ಸೋತೆ" ಎಂದೆ.

"ಹೋಗು ಹಾಗಾದ್ರೆ" ಎಂದಳು ಮಗಳು. ಮುಚ್ಚಳದಿಂದ ಮುಖ ಎತ್ತಲಿಲ್ಲ.

ಅಡುಗೆಮನೆಗೆ ಹೋದೆ. ಟೀ ಪುಡಿ ಯಾವ ಡಬ್ಬಿಯಲ್ಲಿ, ಸಕ್ಕರೆ ಯಾವ ಡಬ್ಬಿಯಲ್ಲಿ ಎಂದು ಹುಡುಕಬೇಕಾಗಲಿಲ್ಲ, ಅಷ್ಟು ಸಲ ಸೋತವನು ನಾನು. ನೀರಿಟ್ಟೆ, ಪುಡಿ ಹಾಕಿದೆ, ಹಾಲು ಸುರಿದೆ. ಸಕ್ಕರೆಗೆ ಚಮಚ ಹಾಕಿದವನು ಅರ್ಧಕ್ಕೇ ನಿಲ್ಲಿಸಿದೆ. ಉಕ್ಕಿ ಬಂದಾಗ ಇಳಿಸಿ ಸೋಸಿದೆ. ಸೋಸಿದ ಮೇಲೆ ನೋಡಿದರೆ ಎರಡು ಲೋಟದ ಬದಲು ಮೂರು ಇಟ್ಟಿದ್ದೆ, ಮೂರಕ್ಕೂ ಸಮನಾಗಿ ಸುರಿದಿದ್ದೆ.

ಒಂದು ಲೋಟ ಎತ್ತಿಕೊಂಡು ಕಟ್ಟೆಯ ಮೇಲೆ, ಅವಳು ಕಾಲು ಆಡಿಸುತ್ತ ಕೂರುತ್ತಿದ್ದ ಜಾಗದಲ್ಲಿ ಇಡಲು ಹೋದೆ. ಇಡುವ ಮುಂಚೆ ಬೆರಳಿಗೆ ಚುರ್ ಎಂದಿತು.

ಸುಟ್ಟಿತ್ತು. ಲೋಟ ಸುಡುತ್ತಿತ್ತು. ನಾಲ್ಕೂ ಬೆರಳ ತುದಿ, ಹೆಬ್ಬೆರಳು, ಎಲ್ಲ ಒಟ್ಟಿಗೆ. ಎಲ್ಲಿಂದ ಶುರುವಾಯಿತೋ ತಿಳಿಯಲಿಲ್ಲ, ನಾನು ಅಳುತ್ತಿದ್ದೆ. ಚಿಕ್ಕಮಕ್ಕಳ ಹಾಗೆ, ಸದ್ದು ಮಾಡಿ, ಮೂಗು ಸುರಿಸಿಕೊಂಡು.

ಮಗಳು ಓಡಿ ಬಂದಳು. "ಅಪ್ಪಾ, ಏನಾಯ್ತು? ಬಿಸಿ ಇದೆ, ಕೆಳಗಿಡು!"

"ಸುಡ್ತಿದೆ ಕಣೇ" ಎಂದೆ. ಲೋಟ ಕೆಳಗಿಡಲಿಲ್ಲ.